ಯಾವುದು ಅಂತ ಕೇಳಿದ್ದಕ್ಕೆ

ಹೋದ ಕಾರ್ತಿಕದ ಒಂದು ಸಂಜೆ. ಹೊಸಿಲಿಗೆ ದೀಪ ಇಟ್ಟು ಈಚೆ ಬಂದೆ. ಎದುರುಮನೆಯಾಕೆ ಗೇಟು ಹಿಡಿದುಕೊಂಡು ನಿಂತಿದ್ದಳು. ಕಣ್ಣು ಊದಿಕೊಂಡಿತ್ತು. ಮದ್ದೂರಿನ ಕಡೆ ಹಳ್ಳಿಯಲ್ಲಿರುವ ಅವಳ ಮೈದುನನಿಗೆ ಎರಡು ತಿಂಗಳಿಂದ ಸುಸ್ತು. ರಾತ್ರಿ ಬೆವರು. ಹೊಟ್ಟೆಯ ಎಡಗಡೆ ಏನೋ ಭಾರ, ಎರಡು ತುತ್ತು ಉಂಡರೆ ಹೊಟ್ಟೆ ತುಂಬಿದ ಹಾಗೆ. ಅವತ್ತು ಬೆಳಗ್ಗೆ ರಕ್ತ ಪರೀಕ್ಷೆ ಮಾಡಿಸಿದ್ದರು. "ಬ್ಲಡ್ ಕ್ಯಾನ್ಸರ್ ಅಂತೆ ಕಣಕ್ಕ. ಎರಡು ಸಣ್ಣ ಮಕ್ಕಳು" ಅಂದಳು. ನನ್ನ ಬಾಯಿಂದ ಥಟ್ಟನೆ ಬಂದದ್ದು ಒಂದೇ ಮಾತು. "ಯಾವುದು?"

ಅವಳು ಅಳು ನಿಲ್ಲಿಸಿ ನನ್ನ ಮುಖ ನೋಡಿದಳು. "ಯಾವ್ದಾದ್ರೇನಕ್ಕ, ಕ್ಯಾನ್ಸರ್ ಕ್ಯಾನ್ಸರೇ ತಾನೆ" ಅಂದು ಒಳಗೆ ಹೋಗಿಬಿಟ್ಟಳು. ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಸಂಕಟದಲ್ಲಿರುವವರ ಹತ್ತಿರ ಹೋಗಿ ತರಕಾರಿ ವಿಚಾರಿಸಿದ ಹಾಗೆ "ಯಾವುದು" ಅಂದೆನಲ್ಲ ಅಂತ ನೋವಾಯಿತು. ಆದರೆ ಮತ್ತೆ ಮತ್ತೆ ಯೋಚಿಸಿದಾಗ ಅನಿಸಿದ್ದು, ನಾನು ಕೇಳಬೇಕಾದ್ದು ಅದನ್ನೇ. ಮೈಸೂರಿನ ಲ್ಯಾಬುಗಳಲ್ಲಿ 27 ವರ್ಷ ಟೆಕ್ನಿಷಿಯನ್ ಆಗಿ ಕೆಲಸ ಮಾಡಿದ್ದೇನೆ. ಎಷ್ಟು ಸಾವಿರ ಸ್ಲೈಡ್ ನೋಡಿದ್ದೇನೋ ಲೆಕ್ಕವಿಲ್ಲ. ಈ ಕಾಯಿಲೆಯ ವಿಷಯದಲ್ಲಿ ನನಗೆ ಗೊತ್ತಿರುವ ದೊಡ್ಡ ಸಂಗತಿ ಅಂದರೆ ಆ ಪ್ರಶ್ನೆಯೇ. "ಬ್ಲಡ್ ಕ್ಯಾನ್ಸರ್ ಇದೆಯಾ" ಅಂತ ಕೇಳಿ ಎಲ್ಲರೂ ಅಲ್ಲಿಗೇ ನಿಂತುಬಿಡುತ್ತಾರೆ. ಚಿಕಿತ್ಸೆ ಶುರುವಾಗುವುದು ಅದರ ಮುಂದಿನ ಪ್ರಶ್ನೆಯಿಂದ, ಯಾವ ಬಗೆಯದು ಅನ್ನುವುದರಿಂದ.

ಹುಳದ ಮನೆ

ಯಾವುದು ಅಂತ ಕೇಳುವ ಅಭ್ಯಾಸ ನನಗೆ ಲ್ಯಾಬಿನಲ್ಲಿ ಬಂದದ್ದಲ್ಲ. ನಮ್ಮಪ್ಪನಿಂದ ಬಂದದ್ದು. ಮಳವಳ್ಳಿ ತಾಲ್ಲೂಕಿನ ನಮ್ಮೂರಲ್ಲಿ ಅಪ್ಪ ರೇಷ್ಮೆ ಹುಳ ಸಾಕುತ್ತಿದ್ದರು. ನಡುಮನೆಯೇ ಹುಳದ ಮನೆ. ನಾವೆಲ್ಲ ಜಗಲಿಯಲ್ಲಿ ಮಲಗುತ್ತಿದ್ದೆವು. ರೇಷ್ಮೆ ಸಾಕಿದವರಿಗೆ ಗೊತ್ತು, ಒಂದು ಬೆಳೆ ಕೈಗೆ ಹತ್ತುವ ಹೊತ್ತಿಗೆ ಎಷ್ಟು ಸಲ ಜೀವ ಕೈಗೆ ಬರುತ್ತದೆ ಅಂತ. ಸೊಪ್ಪು ತಿನ್ನುವ ಹುಳ ಇದ್ದಕ್ಕಿದ್ದಂತೆ ಸಪ್ಪಗಾದರೆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

ಆದರೆ ಅಪ್ಪ ಯಾವತ್ತೂ "ಹುಳಕ್ಕೆ ರೋಗ ಬಂತು" ಅಂತ ಹೇಳಿ ಕೈಬಿಟ್ಟದ್ದು ನೋಡಿಲ್ಲ. ಯಾವ ರೋಗ ಅಂತ ಮೊದಲು ನೋಡುತ್ತಿದ್ದರು. ಹುಳ ಮೆತ್ತಗಾಗಿ ವಾಸನೆ ಬಂದರೆ ಸಪ್ಪೆ ರೋಗ. ಅದಕ್ಕೆ ಗಾಳಿ ಬೇಕು, ಒಳ್ಳೆ ಸೊಪ್ಪು ಬೇಕು, ಸೆಕೆ ತಗ್ಗಬೇಕು. ಸತ್ತ ಹುಳ ಸೀಮೆಸುಣ್ಣದ ಕಡ್ಡಿಯ ಹಾಗೆ ಬೆಳ್ಳಗೆ ಗಟ್ಟಿಯಾದರೆ ಸುಣ್ಣಕಟ್ಟು. ಅದು ಚಳಿ ಮತ್ತು ತೇವದ ಕಾಲದ್ದು. ಆಗ ತಟ್ಟೆ ಒಣಗಿರಬೇಕು, ಪುಡಿ ಉದುರಿಸಬೇಕು. ಒಂದಕ್ಕೆ ಮಾಡುವುದನ್ನು ಇನ್ನೊಂದಕ್ಕೆ ಮಾಡಿದರೆ ಇದ್ದ ಹುಳವೂ ಹೋಗುತ್ತಿತ್ತು.

ಮೂರನೆಯದು ಹಾಲು ತೊಂಡೆ. ಹುಳ ಉಬ್ಬಿಕೊಂಡು, ಮೈ ಹೊಳೆಯುತ್ತಾ, ತಟ್ಟೆಯ ಅಂಚಿನಲ್ಲಿ ಸುಮ್ನೆ ಅಲೆದಾಡುತ್ತಿರುತ್ತದೆ. ಒಂದು ಸಲ ಅಪ್ಪ ಅಂಥ ಹುಳವೊಂದನ್ನು ಎತ್ತಿಕೊಂಡು ಅದರ ಕಾಲು ಚುಚ್ಚಿ, ಹೆಬ್ಬೆರಳಿನ ಉಗುರಿನ ಮೇಲೆ ಒಂದು ಹನಿ ಬೀಳಿಸಿ ನನಗೆ ತೋರಿಸಿದರು. ಒಳ್ಳೆ ಹುಳದ ರಕ್ತ ತಿಳಿಯಾಗಿ, ತುಸು ಹಳದಿಯಾಗಿ ಇರುತ್ತದೆ. ಈ ಹನಿ ಹಾಲಿನ ಹಾಗೆ ಬೆಳ್ಳಗಿತ್ತು. "ರಕ್ತವೇ ಹಾಲಾಗಿದೆ ನೋಡು ಮಗ" ಅಂದರು. ನನಗಾಗ ಒಂಬತ್ತೋ ಹತ್ತೋ ವರ್ಷ. ಬಿಳಿ ರಕ್ತ ಅನ್ನುವ ಮಾತನ್ನು ನಾನು ಮೊದಲು ಕೇಳಿದ್ದು ಅವತ್ತು.

ನಾಲ್ಕನೆಯದು ಗಂಟು ರೋಗ. ಅದು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಬರುವ ರೋಗ. ಅದು ಬಂದರೆ ಉಳಿಸುವ ಮಾತೇ ಇಲ್ಲ, ಎಲ್ಲವನ್ನೂ ಸುಡಬೇಕು. ಫ್ರಾನ್ಸಿನ ರೇಷ್ಮೆಯೆಲ್ಲ ಈ ರೋಗದಿಂದ ನಾಶವಾಗುತ್ತಿದ್ದಾಗ, 1865ರಿಂದ ಕೆಲವು ವರ್ಷ ಲೂಯಿ ಪಾಶ್ಚರ್ ಇದರ ಹಿಂದೆ ಬಿದ್ದಿದ್ದರು. ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡಿ, ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡಿ ಅಂತ ದಾರಿ ತೋರಿಸಿದ್ದು ಅವರೇ. ಇವತ್ತಿಗೂ ಮೊಟ್ಟೆ ಕೇಂದ್ರಗಳಲ್ಲಿ ನಡೆಯುವುದು ಅದೇ ಕ್ರಮ. ಅಪ್ಪನ ಜೊತೆ ಒಂದು ಸಲ ಮೊಟ್ಟೆ ತರಲು ಹೋಗಿದ್ದೆ. ಅಲ್ಲಿ ಒಬ್ಬರು ಪುಟ್ಟ ಒರಳಿನಲ್ಲಿ ಚಿಟ್ಟೆ ಅರೆಯುತ್ತಿದ್ದರು. ಕುತೂಹಲದಿಂದ ನೋಡುತ್ತಿದ್ದ ನನ್ನನ್ನು ಎತ್ತಿ ಸ್ಟೂಲಿನ ಮೇಲೆ ನಿಲ್ಲಿಸಿ "ನೋಡಮ್ಮ" ಅಂದರು. ಕೊಳವೆಯೊಳಗೆ ಬೆಳಕಿನ ಒಂದು ತಟ್ಟೆ. ಅದರಲ್ಲಿ ಚಿಕ್ಕ ಚಿಕ್ಕ ಹೊಳೆಯುವ ಕಾಳು. ನಾನು ಈ ಕೆಲಸಕ್ಕೆ ಬಂದದ್ದಕ್ಕೆ ಕಾರಣ ಕೇಳಿದರೆ ಆ ಸ್ಟೂಲನ್ನೇ ತೋರಿಸುತ್ತೇನೆ.

ಬಿಳಿ ರಕ್ತ

ಮುಂದೆ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೇರಿದಾಗ, ಬ್ಲಡ್ ಕ್ಯಾನ್ಸರಿಗೆ ಹೇಳುವ ಲ್ಯೂಕೇಮಿಯ ಅನ್ನುವ ಹೆಸರಿನ ಅರ್ಥವೂ ಬಿಳಿ ರಕ್ತ ಅಂತಲೇ ಅಂತ ಗೊತ್ತಾಗಿ ಮೈ ಜುಮ್ ಅಂದಿತ್ತು. ಹುಳದ್ದು ವೈರಸ್ಸಿನಿಂದ ಬರುವ ರೋಗ, ಮನುಷ್ಯರದು ಬೇರೆಯೇ. ಆದರೂ ನೋಡಿದವರ ಕಣ್ಣಿಗೆ ಮೊದಲು ಕಂಡದ್ದು ಒಂದೇ ಬಣ್ಣ.

1845ರಲ್ಲಿ ಎಡಿನ್‌ಬರೋದಲ್ಲಿ ಜಾನ್ ಹ್ಯೂಸ್ ಬೆನೆಟ್, ಬರ್ಲಿನ್ನಿನಲ್ಲಿ ರುಡಾಲ್ಫ್ ವಿರ್ಕೋ, ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಈ ಕಾಯಿಲೆಯ ಬಗ್ಗೆ ಬರೆದರು. ಬೆನೆಟ್ ನೋಡಿದ್ದು ಮನೆಗಳಿಗೆ ಕಲ್ಲುಹೆಂಚು ಹೊದಿಸುವ 28 ವರ್ಷದ ಒಬ್ಬ ಕೆಲಸಗಾರನನ್ನು. ಸತ್ತ ಮೇಲೆ ನೋಡಿದರೆ ರಕ್ತದ ತುಂಬ ಕೀವಿನಂಥದ್ದು. ಇದು ರಕ್ತವೇ ಕೀವಾದ ರೋಗ ಅಂದುಕೊಂಡರು ಬೆನೆಟ್. ವಿರ್ಕೋ ಒಬ್ಬ ಅಡುಗೆಯವಳ ರಕ್ತ ನೋಡಿದ್ದರು. ಅವರು ಸುಮ್ನೆ "ಬಿಳಿ ರಕ್ತ" ಅಂತ ಬರೆದರು. ಏನು ಕಂಡಿತೋ ಅಷ್ಟೇ. ಕಾರಣ ಗೊತ್ತಿಲ್ಲದಿದ್ದಾಗ ಕಾರಣ ಕಟ್ಟಲಿಲ್ಲ. ಎರಡು ವರ್ಷದ ಮೇಲೆ ಅದನ್ನೇ ಗ್ರೀಕ್ ಮಾತಿನಲ್ಲಿ ಲ್ಯೂಕೇಮಿಯ ಅಂತ ಕರೆದರು. ಆ ಸಂಯಮ ನನಗೆ ಬಹಳ ಇಷ್ಟ. ನಮ್ಮ ಕೆಲಸದಲ್ಲಿ ಕಷ್ಟದ್ದು ಅದೇ. ಕಂಡದ್ದನ್ನು ಮಾತ್ರ ಬರೆಯಬೇಕು.

ಆಗಿನ ಕಾಲದಲ್ಲಿ ಬಿಳಿ ಕಣ ಅಂದರೆ ಬಿಳಿ ಕಣ ಅಷ್ಟೇ. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಬಣ್ಣ ಹಾಕಿ ನೋಡುವುದನ್ನು ಪಾಲ್ ಎರ್ಲಿಕ್ ಶುರು ಮಾಡಿದ ಮೇಲೆ ಕಣಗಳ ಒಳಗಿನದು ಕಾಣತೊಡಗಿತು. ನಮ್ಮ ಕಡೆಯ ಲ್ಯಾಬುಗಳಲ್ಲಿ ಹೆಚ್ಚಾಗಿ ಇರುವುದು ಲೀಶ್ಮನ್ ಸ್ಟೇನ್. 1901ರಲ್ಲಿ ಅದನ್ನು ಮಾಡಿದವರು ವಿಲಿಯಂ ಲೀಶ್ಮನ್ ಅನ್ನುವ ಬ್ರಿಟಿಷ್ ಸೇನೆಯ ವೈದ್ಯರು, ಭಾರತದಲ್ಲೂ ಕೆಲಸ ಮಾಡಿದ್ದವರು. ನೂರಿಪ್ಪತ್ತು ವರ್ಷ ಆದರೂ ಆ ಬಾಟಲಿ ನಮ್ಮ ಮೇಜಿನಿಂದ ಇಳಿದಿಲ್ಲ.

ಸ್ಲೈಡ್ ಮಾಡುವುದನ್ನು ಒಂದು ಸಲ ಹೇಳಿಬಿಡುತ್ತೇನೆ, ಯಾಕೆಂದರೆ ಇದು ಕೈ ಕೆಲಸ. ಗಾಜಿನ ಮೇಲೆ ಒಂದು ಪುಟ್ಟ ಹನಿ ರಕ್ತ. ಇನ್ನೊಂದು ಗಾಜನ್ನು ಓರೆಯಾಗಿ ಹಿಡಿದು ಹನಿಗೆ ತಾಗಿಸಿ, ಒಂದೇ ಉಸಿರಿಗೆ ಮುಂದೆ ಎಳೆಯಬೇಕು. ನಾಲಿಗೆಯ ಆಕಾರದಲ್ಲಿ ತೆಳ್ಳಗೆ ಹರಡಬೇಕು. ಒಣಗಿದ ಮೇಲೆ ಸ್ಟೇನ್ ಸುರಿದು ಎರಡು ನಿಮಿಷ. ಆಮೇಲೆ ಅದರ ಎರಡರಷ್ಟು ಬಫರ್ ನೀರು. ಮೇಲೆ ಎಣ್ಣೆ ತೇಲಿದ ಹಾಗೆ ಹೊಳೆಯುವ ಕೆನೆ ಕಟ್ಟುತ್ತದೆ. ಎಂಟು ಹತ್ತು ನಿಮಿಷ ಬಿಟ್ಟು ತೊಳೆದರೆ, ಕೆಂಪು ಕಣ ನಸುಗೆಂಪು, ಬಿಳಿ ಕಣದ ನಡುಭಾಗ ನೇರಳೆ. ನಾಲಿಗೆಯ ದಪ್ಪ ಬುಡದಲ್ಲಿ ನೋಡಬಾರದು, ಕಣ ಒಂದರ ಮೇಲೊಂದು ಬಿದ್ದಿರುತ್ತವೆ. ತುದಿಯಲ್ಲೂ ನೋಡಬಾರದು, ಹಿಗ್ಗಿ ಹೋಗಿರುತ್ತವೆ. ಕಣಗಳು ಒಂದಕ್ಕೊಂದು ತಾಗಿಯೂ ತಾಗದ ಹಾಗಿರುವ ಜಾಗವೊಂದು ಸಿಗುತ್ತದೆ. ಅಲ್ಲಿ ನಿಂತು ನೋಡಬೇಕು. ಆ ಜಾಗ ಹುಡುಕಲು ಕಲಿಯುವುದಕ್ಕೇ ನನಗೆ ಒಂದು ವರ್ಷ ಬೇಕಾಯಿತು.

ಸೌದೆ ಹೊರೆ

2011ರ ಮಳೆಗಾಲ. ಎಲ್ಲ ಕಡೆ ಡೆಂಗಿ. ಲ್ಯಾಬಿನಲ್ಲಿ ದಿನಕ್ಕೆ ನೂರಾರು ಪ್ಲೇಟ್‌ಲೆಟ್ ಎಣಿಕೆ. ರಾತ್ರಿ ಎಂಟೂವರೆ ಹೊತ್ತಿಗೆ ಪಾಂಡವಪುರದ ಕಡೆಯ ಒಬ್ಬ ಹುಡುಗನ ರಕ್ತ ಬಂತು. ಇಪ್ಪತ್ತೆರಡು ವರ್ಷ. ವಸಡಿನಲ್ಲಿ ರಕ್ತ ಬರುತ್ತಿದೆ, ಕಾಲಿನ ತುಂಬ ಕಪ್ಪು ಕಲೆ. ಜೊತೆಗೆ ಬೇರೆ ಊರಿನ ಲ್ಯಾಬೊಂದರ ಎರಡು ಚೀಟಿ. ಮೂರು ದಿನದ ಅಂತರದಲ್ಲಿ ಎರಡು ಸಲ ಮಿಷನ್ನಿಗೆ ಹಾಕಿ ಪ್ಲೇಟ್‌ಲೆಟ್ ಕಡಿಮೆ ಅಂತ ಬರೆದಿದ್ದರು. ಎರಡೂ ಸಲ ಯಾರೂ ಸ್ಲೈಡ್ ಮಾಡಿರಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇದೆ. ಒಂದು ಹನಿ ರಕ್ತ, ಒಂದು ಗಾಜು, ಹದಿನೈದು ನಿಮಿಷ. ಅಷ್ಟೇ ಬೇಕಿದ್ದದ್ದು.

ನಮ್ಮ ಮಿಷನ್ನಿನಲ್ಲೂ ಅದೇ ಬಂತು. ಪ್ಲೇಟ್‌ಲೆಟ್ 14,000. ಹಿಮೋಗ್ಲೋಬಿನ್ 7. ಬಿಳಿ ಕಣ 2,100. ಬ್ಲಡ್ ಕ್ಯಾನ್ಸರ್ ಅಂದರೆ ಬಿಳಿ ಕಣ ಲಕ್ಷಗಟ್ಟಲೆ ಇರಬೇಕು ಅಂತ ಜನ ಅಂದುಕೊಂಡಿರುತ್ತಾರೆ. ಎಷ್ಟೋ ಸಲ ಹಾಗೆ ಇರುವುದಿಲ್ಲ. ಈ ಹುಡುಗನದು ಮಾಮೂಲಿಗಿಂತ ಕಡಿಮೆ. ಡೆಂಗಿಯಲ್ಲೂ ಹೀಗೇ ಇರುತ್ತದೆ. ಆದ್ದರಿಂದಲೇ ಮೋಸ ಹೋಗುವುದು.

ಸ್ಲೈಡ್ ಇಟ್ಟು, ಎಣ್ಣೆ ಹನಿ ಬಿಟ್ಟು ನೋಡಿದೆ. ಬಿಳಿ ಕಣ ಸಿಗುವುದೇ ಕಷ್ಟ. ಸಿಕ್ಕ ಮೊದಲನೆಯದರಲ್ಲೇ ಕೈ ನಿಂತಿತು. ಕಣದ ತುಂಬ ಒರಟಾದ ನೇರಳೆ ಕಾಳು, ಒಂದರ ಮೇಲೊಂದು ತುರುಕಿದ ಹಾಗೆ. ಇನ್ನೊಂದು ಕಣದಲ್ಲಿ ಕೆಂಪು ಸೂಜಿಗಳು. ಒಂದಲ್ಲ, ಎರಡಲ್ಲ, ಒಂದು ಕಟ್ಟು. ನಮ್ಮವ್ವ ತಲೆಯ ಮೇಲೆ ಹೊತ್ತು ತರುತ್ತಿದ್ದ ಸೌದೆ ಹೊರೆಯ ಹಾಗೆ. ಪುಸ್ತಕದಲ್ಲೂ ಈ ಕಣಕ್ಕೆ ಸೌದೆ ಹೊರೆಯ ಹೆಸರೇ ಇದೆ. ಚಿತ್ರದಲ್ಲಿ ನೋಡಿದ್ದೆ. ಕಣ್ಣಾರೆ ನೋಡಿದ್ದು ಅವತ್ತೇ ಮೊದಲು.

ಪೆಥಾಲಜಿಸ್ಟ್ ಸರ್‌ಗೆ ಫೋನ್ ಮಾಡಿದೆ. ಊಟಕ್ಕೆ ಕೂತಿದ್ದವರು ಹಾಗೇ ಎದ್ದು, ಮಳೆಯಲ್ಲಿ ಸ್ಕೂಟರಿನಲ್ಲಿ ಬಂದರು. ರೇನ್‌ಕೋಟ್ ತೆಗೆಯಲಿಲ್ಲ. ನಿಂತುಕೊಂಡೇ ನೋಡಿದರು. ನೀರು ಮೇಜಿನ ಮೇಲೆ ತೊಟ್ಟಿಕ್ಕುತ್ತಿತ್ತು. ಐದು ನಿಮಿಷ ಮಾತಿಲ್ಲ. ಆಮೇಲೆ ಡಾಕ್ಟರಿಗೆ ಫೋನ್ ಮಾಡಿ "ಎಂ3 ಥರ ಇದೆ. ಜೀನ್ ರಿಪೋರ್ಟಿಗೆ ಕಾಯಬೇಡಿ, ಇವತ್ತೇ ಕಳಿಸಿ, ಇವತ್ತೇ ಮಾತ್ರೆ ಶುರುವಾಗಲಿ" ಅಂದರು. ಹುಡುಗನನ್ನು ಅದೇ ರಾತ್ರಿ ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದರು. ಅವನಪ್ಪ ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಮೊಣಕಾಲಿನವರೆಗೆ ಗದ್ದೆಯ ಕೆಸರು ಒಣಗಿತ್ತು. ಕರೆ ಬಂದಾಗ ನಾಟಿ ಬಿಟ್ಟು ಎದ್ದು ಬಂದಿದ್ದರಂತೆ.

ಎಂ3 ಅನ್ನುವುದು ಲ್ಯೂಕೇಮಿಯದ ಒಂದು ಬಗೆ. ಆತುರ ಯಾಕೆ ಅಂದರೆ, ಇದರಲ್ಲಿ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೇ ಕೆಟ್ಟುಹೋಗುತ್ತದೆ. ಮಿದುಳಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಸೋರಿ, ಬಂದ ದಿನವೇ ಸಾಯಬಹುದು. ಮೊದಲ ಕೆಲವು ದಿನ ದಾಟಿದರೆ ಮಾತ್ರ ಬೇರೆ ಕಥೆ. ಕಣದೊಳಗೆ ಜೀನುಗಳನ್ನು ಹೊತ್ತ ಎಳೆಗಳಿಗೆ ಕ್ರೋಮೋಸೋಮ್ ಅಂತಾರೆ. ಅವುಗಳಲ್ಲಿ 15ನೇ ಮತ್ತು 17ನೆಯದರ ತುಂಡು ಅದಲುಬದಲಾಗಿ, ಎರಡು ಜೀನ್ ಬೆಸೆದುಕೊಂಡು, ಎಳೆ ಕಣ ಬೆಳೆಯದೆ ನಿಂತುಬಿಡುತ್ತದೆ. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಹುಳ ನಾಲ್ಕು ಸಲ ಜ್ವರಕ್ಕೆ ಕೂರಬೇಕು, ನಾಲ್ಕು ಸಲ ಏಳಬೇಕು. ಕೆಲವು ಕೂತದ್ದು ಏಳುವುದೇ ಇಲ್ಲ. ಈ ಕಣಗಳನ್ನು ನೋಡಿದಾಗ ನನಗೆ ನೆನಪಾಗುವುದು ಜ್ವರದಿಂದ ಏಳದ ಹುಳ. ಬೇರೆ ಕ್ಯಾನ್ಸರ್ ಔಷಧ ಕಣವನ್ನು ಕೊಲ್ಲುತ್ತದೆ. ಇದಕ್ಕೆ ಕೊಡುವ ಮಾತ್ರೆ, ವಿಟಮಿನ್ ಎ ಬಳಗದ್ದು, ನಿಂತ ಕಣವನ್ನು ಎಬ್ಬಿಸಿ ಬೆಳೆಸುತ್ತದೆ. ಬೆಳೆದ ಕಣ ತನ್ನ ಆಯಸ್ಸು ಮುಗಿಸಿ ತಾನೇ ಹೋಗುತ್ತದೆ. ಶಾಂಘೈನಲ್ಲಿ ವಾಂಗ್ ಝೆನ್‌ಯಿ ಮತ್ತು ಜೊತೆಗಾರರು ಇದನ್ನು 24 ರೋಗಿಗಳಿಗೆ ಕೊಟ್ಟು 1988ರಲ್ಲಿ ವರದಿ ಮಾಡಿದರು.

ಇನ್ನೊಂದು ಔಷಧ ಹಾರ್ಬಿನ್ ನಗರದಿಂದ ಬಂತು. ಅದು ಆರ್ಸೆನಿಕ್. ಪಾಷಾಣ ಅಂತ ನಾವು ಹೆದರುವುದೇ. ನಮ್ಮ ಪಕ್ಕದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು, ದುಬಾರಿ ಚಿಕಿತ್ಸೆ ಕೊಡಿಸಲಾಗದ ರೋಗಿಗಳಿಗೆ ಅದೊಂದನ್ನೇ ಮುಖ್ಯ ಮದ್ದಾಗಿ ಕೊಟ್ಟು, ಚೆನ್ನಾಗಿ ಗುಣವಾಗುತ್ತದೆ ಅಂತ 2006ರಲ್ಲಿ ತೋರಿಸಿದರು. ಈಗ ಈ ಎರಡನ್ನೂ ಸೇರಿಸಿ ಕೊಟ್ಟರೆ, ಬಿಳಿ ಕಣ ಜಾಸ್ತಿ ಏರದೆ ಇರುವವರಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ. ಒಂದು ಕಾಲದಲ್ಲಿ ಎಲ್ಲಕ್ಕಿಂತ ಬೇಗ ಕೊಲ್ಲುತ್ತಿದ್ದದ್ದು ಇದೇ.

ಎರಡು ವರ್ಷದ ಮೇಲೆ ಒಂದು ಬೆಳಗ್ಗೆ, ಟ್ಯೂಬುಗಳ ಸ್ಟ್ಯಾಂಡಿನಲ್ಲಿ ಆ ಹುಡುಗನ ಹೆಸರು ಕಂಡಿತು. ಊರು ಅದೇ. ಮಿಷನ್ನಿನಲ್ಲಿ ಎಲ್ಲ ಮಾಮೂಲು. ಸ್ಲೈಡ್ ಮಾಡಬೇಕಾದ ಅಗತ್ಯವೇ ಇರಲಿಲ್ಲ. ಆದರೂ ಮಾಡಿದೆ. ಅರ್ಧ ಗಂಟೆ ಆ ಸ್ಲೈಡ್ ಬಿಟ್ಟು ಏಳಲಿಲ್ಲ. ಪ್ಲೇಟ್‌ಲೆಟ್ ಚೆಲ್ಲಿದ ರಾಗಿಯ ಹಾಗೆ ತುಂಬಿಕೊಂಡಿದ್ದವು.

ಟ್ರಂಕಿನ ಚೀಟಿ

ನಮ್ಮ ಚಿಕ್ಕಪ್ಪ ತೀರಿಕೊಂಡಿದ್ದು 1986ರಲ್ಲಿ. ಅವರಿಗೆ ಮೂವತ್ತೊಂದು ವರ್ಷ. ವಸಡಿನಿಂದ ರಕ್ತ ಬರುತ್ತಿದೆ ಅಂತ ಮಳವಳ್ಳಿಯಲ್ಲಿ ಹಲ್ಲು ಕೀಳಿಸಿದರು. ರಕ್ತ ನಿಲ್ಲಲಿಲ್ಲ. ಮೈಸೂರಿಗೆ ಕರೆತಂದರು. ಎಂಟು ದಿನಕ್ಕೆ ಮುಗಿಯಿತು. ಊರಿಗೆ ಬಂದ ಮೇಲೆ ಎಲ್ಲರೂ ಹೇಳಿದ್ದು ಒಂದೇ ಮಾತು, ಬ್ಲಡ್ ಕ್ಯಾನ್ಸರ್. ಆ ಮಾತು ಹೇಳಿದ ಮೇಲೆ ಯಾರೂ ಏನೂ ಕೇಳಬಾರದು ಅನ್ನುವ ಹಾಗೆ ಇತ್ತು. ಪ್ರತಿ ಹುಳದ ರೋಗಕ್ಕೂ ಹೆಸರಿಟ್ಟು ಕರೆಯುತ್ತಿದ್ದ ಅಪ್ಪ ಕೂಡ ತಮ್ಮನ ವಿಷಯದಲ್ಲಿ ಯಾವುದು ಅಂತ ಕೇಳಲಿಲ್ಲ. ಕೇಳಬಹುದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಅಪ್ಪ ಹೋದ ಮೇಲೆ ಟ್ರಂಕಿನಲ್ಲಿ ಜಮೀನಿನ ಪತ್ರಗಳ ನಡುವೆ ಒಂದು ಚೀಟಿ ಸಿಕ್ಕಿತು. ಆಸ್ಪತ್ರೆಯದು. ಮಡಿಕೆಯಲ್ಲಿ ಹರಿದಿತ್ತು. "ಅಕ್ಯೂಟ್ ಲ್ಯೂಕೇಮಿಯ", ಅಂದರೆ ಬೇಗ ಏರುವ ಲ್ಯೂಕೇಮಿಯ, ಅಂತಷ್ಟೇ ಬರೆದಿತ್ತು. ಹಿಮ್ಮಗ್ಗುಲು ನೋಡಿದೆ. ಖಾಲಿ. ರಕ್ತ ನಿಲ್ಲದ್ದು, ಅಷ್ಟು ಬೇಗ ಹೋದದ್ದು ನೋಡಿದರೆ ಎಂ3 ಇದ್ದಿರಬಹುದು ಅನಿಸುತ್ತದೆ. ಆದರೆ ಬೇರೆ ಬಗೆಗಳಲ್ಲೂ ರಕ್ತ ಸೋರುತ್ತದೆ. ಸ್ಲೈಡ್ ಉಳಿದಿಲ್ಲ. ಯಾವುದು ಅಂತ ಇನ್ನು ಯಾರೂ ಹೇಳಲಾರರು. ಅವತ್ತು ಗೊತ್ತಾಗಿದ್ದರೂ ಆ ಮಾತ್ರೆ ಮೈಸೂರಿನಲ್ಲಿ ಎಲ್ಲಿತ್ತು? ಇದೆಲ್ಲ ನನಗೂ ಗೊತ್ತು. ಆದರೂ ಆ ಚೀಟಿಯಲ್ಲಿ ಇನ್ನೊಂದು ಸಾಲು ಇರಬೇಕಿತ್ತು ಅಂತ ಹಂಬಲ.

ಗೆರೆ ಎಳೆಯುವವರು

ಎಂ3 ಅನ್ನುವ ಗುರುತು ಬಂದದ್ದು 1976ರಲ್ಲಿ. ಫ್ರಾನ್ಸ್, ಅಮೆರಿಕ, ಬ್ರಿಟನ್ನಿನ ಏಳು ಮಂದಿ ವೈದ್ಯರು ಸೇರಿ ಸ್ಲೈಡುಗಳನ್ನು ಒಬ್ಬೊಬ್ಬರೂ ನೋಡಿ ಒಂದು ಪಟ್ಟಿ ಮಾಡಿದರು. ಅದಕ್ಕೆ ಮೊದಲು ಒಂದೇ ಕಾಯಿಲೆಗೆ ಒಂದೊಂದು ಊರಿನಲ್ಲಿ ಒಂದೊಂದು ಹೆಸರು. ಇಲ್ಲಿ ಗುಣವಾದದ್ದು ಅಲ್ಲಿ ಯಾಕೆ ಆಗಲಿಲ್ಲ ಅಂತ ಹೋಲಿಸುವುದಾದರೂ ಹೇಗೆ? ಅವರು ಕಣದ ರೂಪ ನೋಡಿ ಎಂ1, ಎಂ2 ಅಂತ ಹೆಸರಿಟ್ಟರು. ಎಳೆ ಕಣ ನೂರಕ್ಕೆ 30 ಇದ್ದರೆ ಅಕ್ಯೂಟ್ ಅಂತ ಗೆರೆ ಎಳೆದರು. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪುಸ್ತಕ ಆ ಗೆರೆಯನ್ನು 20ಕ್ಕೆ ಇಳಿಸಿತು. 2022ರಲ್ಲಿ ಎರಡು ಪಟ್ಟಿಗಳು ಬಂದವು, ಒಂದು ಅದೇ ಸಂಸ್ಥೆಯದು, ಇನ್ನೊಂದು ಬೇರೆ ತಜ್ಞರ ಗುಂಪಿನದು. ಕೆಲವು ಜೀನ್ ಬದಲಾವಣೆ ಕಂಡರೆ ಎಳೆ ಕಣದ ಲೆಕ್ಕವೇ ಬೇಡ ಅಂತ ಮೊದಲನೆಯದು. ಕಡೇಪಕ್ಷ ಹತ್ತಾದರೂ ಇರಲಿ ಅಂತ ಎರಡನೆಯದು.

ಇದನ್ನು ಓದಿ ಕೆಲವರಿಗೆ ಬೇಸರವಾಗಬಹುದು. ಪಂಡಿತರಿಗೇ ಒಮ್ಮತವಿಲ್ಲ ಅಂತ. ನನಗೆ ಹಾಗನಿಸುವುದಿಲ್ಲ. ನಾನು ಕೂತು ನೂರು, ಇನ್ನೂರು ಕಣ ಎಣಿಸಿ 19 ಅಂತ ಬರೆದ ದಿನಗಳಿವೆ. ಮತ್ತೆ ಎಣಿಸಿದರೆ 21 ಬಂದಿದೆ. 19ಕ್ಕೂ 20ಕ್ಕೂ ನಡುವೆ ರೋಗಿಯ ಮೈಯಲ್ಲಿ ಯಾವ ಗೋಡೆಯೂ ಇಲ್ಲ. ಗೆರೆ ನಮ್ಮದು. ತಪ್ಪು ಜಾಗದಲ್ಲಿ ಎಳೆದಿದ್ದೇವೆ ಅಂತ ಗೊತ್ತಾದಾಗ ಅಳಿಸಿ ಮತ್ತೆ ಎಳೆಯುವವರ ಮೇಲೆ ನನಗೆ ಗೌರವ ಹೆಚ್ಚು. ನಮ್ಮ ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಗೂ ನಮ್ಮ ರಾಗಿಗೂ ಸಂಬಂಧ ಕಟ್ಟಿ ಇಂಡಾಫ್ ತಳಿ ತೆಗೆದರಲ್ಲ, ಅವರೂ ಹೀಗೇ ತೆನೆ ತೆನೆ ನೋಡಿ ಬೇರೆ ಮಾಡಿದವರು. ರಾಗಿ ಅಂದರೆ ರಾಗಿ ಅಂದುಕೊಂಡಿದ್ದರೆ ಆ ಕೆಲಸ ಆಗುತ್ತಲೇ ಇರಲಿಲ್ಲ.

ಕಣ್ಣಿಗೆ ಒಂದೇ ಥರ ಕಾಣುವ ಕಣಗಳೂ ಇವೆ. ಅಲ್ಲಿ ಸ್ಲೈಡ್ ಸಾಲದು. ಫ್ಲೋ ಸೈಟೊಮೆಟ್ರಿ ಅನ್ನುವ ಮಿಷನ್ನಿನಲ್ಲಿ ಕಣಗಳು ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹಾದು ಹೋಗುತ್ತವೆ. ಮೈಮೇಲಿನ ಗುರುತಿಗೆ ಅಂಟಿಸಿದ ಬಣ್ಣ ಹೊಳೆಯುತ್ತದೆ. ಸಿಡಿ19 ಅನ್ನುವ ಗುರುತು ಇದ್ದರೆ ಬಿ ಅನ್ನುವ ಬಿಳಿ ಕಣದ ಕಡೆಯದು, ಸಿಡಿ3 ಇದ್ದರೆ ಟಿ ಅನ್ನುವ ಬಿಳಿ ಕಣದ ಕಡೆಯದು. ಮಕ್ಕಳಲ್ಲಿ ಹೆಚ್ಚು ಬರುವ ಅಕ್ಯೂಟ್ ಲ್ಯೂಕೇಮಿಯ ಎ.ಎಲ್.ಎಲ್.ನಲ್ಲಿ ಈ ವ್ಯತ್ಯಾಸ ಬಹಳ ಮುಖ್ಯ. ಚಿಕಿತ್ಸೆ ಆದ ಮೇಲೆ ಹತ್ತು ಸಾವಿರ ಕಣದಲ್ಲಿ ಒಂದು ಕೆಟ್ಟ ಕಣ ಉಳಿದಿದ್ದರೂ ಇದು ಹಿಡಿಯಬಲ್ಲದು. ಮೈಕ್ರೋಸ್ಕೋಪಿನಲ್ಲಿ ನಾನು ಎಷ್ಟು ಹೊತ್ತು ಕೂತರೂ ಅದು ಸಾಧ್ಯವಿಲ್ಲ.

1999ರಲ್ಲಿ ಅಮೆರಿಕದಲ್ಲಿ ಟಾಡ್ ಗೋಲಬ್ ಮತ್ತು ಜೊತೆಗಾರರು 38 ರೋಗಿಗಳ ಮೂಳೆ ಮಜ್ಜೆಯಲ್ಲಿ 6,817 ಜೀನುಗಳ ಚಟುವಟಿಕೆ ಅಳೆದರು. ಯಾರದು ಯಾವ ಬಗೆ ಅಂತ ಹೇಳದೆ ಕಂಪ್ಯೂಟರಿಗೆ ಕೊಟ್ಟರು. ಅದು ಎಂ3 ಸೇರುವ ಎ.ಎಂ.ಎಲ್. ಅನ್ನೂ ಎ.ಎಲ್.ಎಲ್. ಅನ್ನೂ ಹೆಚ್ಚುಕಡಿಮೆ ತಾನೇ ಬೇರೆ ಮಾಡಿತು. ನಮ್ಮ ಸರ್ ಇದನ್ನು ಲ್ಯಾಬಿನಲ್ಲಿ ಓದಿ ಹೇಳಿದಾಗ, ಕಣ್ಣಿಂದ ನೋಡುವವರ ಕಾಲ ಮುಗಿಯಿತೇನೋ ಅಂತ ಭಯವಾಗಿತ್ತು. ಆದರೆ ಆ ಮಳೆಗಾಲದ ರಾತ್ರಿ ಎಂಟೂವರೆಗೆ ಹುಡುಗನ ಮುಂದೆ ಇದ್ದದ್ದು ಜೀನ್ ಮಿಷನ್ನಲ್ಲ. ಲೀಶ್ಮನ್ ಬಾಟಲಿ.

ಊಟದ ಮೇಜು

ನನ್ನ ಮನಸ್ಸಿಗೆ ಬಹಳ ಹತ್ತಿರವಾದ ಇನ್ನೊಬ್ಬರು ಷಿಕಾಗೋದ ಜಾನೆಟ್ ರೌಲಿ. ನಾಲ್ಕು ಗಂಡು ಮಕ್ಕಳ ತಾಯಿ. ಕ್ರೋಮೋಸೋಮುಗಳ ಫೋಟೊಗಳನ್ನು ಮನೆಗೆ ತಂದು, ಕತ್ತರಿಯಲ್ಲಿ ಕತ್ತರಿಸಿ, ಊಟದ ಮೇಜಿನ ಮೇಲೆ ಜೋಡಿ ಜೋಡಿ ಹೊಂದಿಸುತ್ತಿದ್ದರಂತೆ. ಅಮ್ಮ ಕಾಗದದ ಗೊಂಬೆ ಆಡುತ್ತಾಳೆ ಅಂತ ಮಕ್ಕಳು ಚುಡಾಯಿಸುತ್ತಿದ್ದರಂತೆ. ನಿಧಾನವಾಗಿ ಏರುವ ಲ್ಯೂಕೇಮಿಯ ಸಿ.ಎಂ.ಎಲ್. ಅಂತ ಒಂದಿದೆ. ಅದರ ರೋಗಿಗಳಲ್ಲಿ ಒಂದು ಕ್ರೋಮೋಸೋಮ್ ಗಿಡ್ಡವಾಗಿರುವುದನ್ನು 1960ರಲ್ಲೇ ಫಿಲಡೆಲ್ಫಿಯದಲ್ಲಿ ಪೀಟರ್ ನೊವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಕಂಡಿದ್ದರು. ಆ ತುಂಡು ಕಳೆದುಹೋಗಿದೆ ಅಂತ ಎಲ್ಲರೂ ನಂಬಿದ್ದರು. ಕಳೆದಿಲ್ಲ, 22ರದ್ದು 9ಕ್ಕೆ ಹೋಗಿದೆ, ಎರಡೂ ಅದಲುಬದಲಾಗಿವೆ ಅಂತ 1973ರಲ್ಲಿ ತೋರಿಸಿದವರು ರೌಲಿ. ಆಮೇಲೆ 15 ಮತ್ತು 17ರ ಅದಲುಬದಲನ್ನೂ ಅವರೇ ಕಂಡರು. ಪಾಂಡವಪುರದ ಆ ಹುಡುಗನದು.

9 ಮತ್ತು 22 ಬೆಸೆದ ಜಾಗದಿಂದ ಒಂದು ಕೆಟ್ಟ ಪ್ರೋಟೀನ್ ಹುಟ್ಟುತ್ತದೆ. ಅದನ್ನೇ ತಡೆಯುವ ಇಮಾಟಿನಿಬ್ ಮಾತ್ರೆ ಅಮೆರಿಕದಲ್ಲಿ 2001ರಲ್ಲಿ ಬಳಕೆಗೆ ಬಂತು. ಅದನ್ನು ಮಾರುತ್ತಿದ್ದ ನೊವಾರ್ಟಿಸ್ ಕಂಪನಿಯ ಬೆಲೆ ತಿಂಗಳಿಗೆ ಲಕ್ಷದ ಮೇಲೆ ಇತ್ತು. ನಮ್ಮ ದೇಶದ ಕಂಪನಿಗಳು ಮಾಡಿದ ಅದೇ ಮಾತ್ರೆ ಅದರ ಹತ್ತನೇ ಒಂದು ಭಾಗಕ್ಕೆ ಸಿಗುತ್ತಿತ್ತು. ಪೇಟೆಂಟ್ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ 2013ರ ಏಪ್ರಿಲ್ 1ರಂದು ನೊವಾರ್ಟಿಸ್ ಸೋತಿತು. ಮರುದಿನ ಲ್ಯಾಬಿನಲ್ಲಿ ಪೇಪರ್ ಹಿಡಿದು ನಾವೆಲ್ಲ ಓದಿದೆವು. ನಮ್ಮಲ್ಲಿ ಮೂರು ತಿಂಗಳಿಗೊಮ್ಮೆ ಸಿ.ಎಂ.ಎಲ್. ಪರೀಕ್ಷೆಗೆ ರಕ್ತ ಕೊಡಲು ಬರುತ್ತಿದ್ದ ಟೈಲರ್ ಒಬ್ಬರು, ಹೂವು ಮಾರುವ ಒಬ್ಬಾಕೆ, ಇಬ್ಬರೂ ಕಣ್ಣ ಮುಂದೆ ಬಂದರು.

ಎದುರುಮನೆಯಾಕೆ ಹದಿನೈದು ದಿನ ನನ್ನನ್ನು ಮಾತಾಡಿಸಲಿಲ್ಲ. ನಾನೂ ಬಾಗಿಲು ತಟ್ಟಲಿಲ್ಲ. ಒಂದು ಭಾನುವಾರ ಬೆಳಗ್ಗೆ ತಾನೇ ಬಂದಳು. ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕೂತು ಮೊಬೈಲ್ ಮುಂದೆ ಹಿಡಿದಳು. "ನೀವು ಯಾವ್ದು ಅಂತ ಕೇಳಿದ್ರಲ್ಲ ಅಕ್ಕ. ಇದ್ರಲ್ಲಿ ಬರ್ದದೆ ಅಂತಾರೆ. ನಂಗೆ ಗೊತ್ತಾಗಲ್ಲ."

ಎರಡು ಬೆರಳಲ್ಲಿ ದೊಡ್ಡದು ಮಾಡಿಕೊಂಡು ಓದಿದೆ. ಬಿಳಿ ಕಣ 1,84,000. ಎಳೆ ಕಣ ನೂರಕ್ಕೆ ಎರಡೇ. ಕೆಳಗೆ ಜೀನ್ ಪರೀಕ್ಷೆ, ಬಿಸಿಆರ್ ಎಬಿಎಲ್, ಅಂದರೆ ಆ 9 ಮತ್ತು 22 ಬೆಸೆದದ್ದರ ಗುರುತು, ಪಾಸಿಟಿವ್. ಕೊನೆಯ ಸಾಲಿನಲ್ಲಿ ಸಿ.ಎಂ.ಎಲ್., ಕ್ರಾನಿಕ್ ಹಂತ. ಇನ್ನೊಂದು ಸಲ ಓದಿದೆ. ಇಮಾಟಿನಿಬ್ ಬರೆದುಕೊಟ್ಟಿದ್ದರು, ದಿನಕ್ಕೆ ಒಂದು. ಹೊಟ್ಟೆಯ ಎಡಗಡೆ ಭಾರ ಅಂದದ್ದು ಗುಲ್ಮ ಊದಿದ್ದು. ಅದು ಇಳಿಯುತ್ತದೆ ಅಂದೆ. ಊಟದ ಜೊತೆ ತಗೋಬೇಕು, ಒಂದು ದೊಡ್ಡ ಲೋಟ ನೀರು ಕುಡೀಬೇಕು ಅಂದೆ. ಚೆನ್ನಾಗಿದ್ದೀನಿ ಅಂತ ಅವನಾಗೇ ಮಾತ್ರೆ ಬಿಡಬಾರದು, ಮೂರು ತಿಂಗಳಿಗೊಮ್ಮೆ ಜೀನ್ ಪರೀಕ್ಷೆ ತಪ್ಪಿಸಬಾರದು, ಏನೇ ಇದ್ದರೂ ಡಾಕ್ಟರನ್ನೇ ಕೇಳಬೇಕು ಅಂದೆ. ಸಿ.ಎಂ.ಎಲ್. ಬಂದು ಹದಿನೈದು ವರ್ಷದಿಂದ ಅಂಗಡಿಯಲ್ಲಿ ಬಟ್ಟೆ ಹೊಲಿಯುತ್ತಿರುವ ಟೈಲರ್ ವಿಷಯವನ್ನೂ ಹೇಳಿದೆ.

ಅವಳು ಕೇಳುತ್ತಾ ಕೇಳುತ್ತಾ ನನ್ನ ಕೈ ಹಿಡಿದುಕೊಂಡಳು. ಏನೂ ಹೇಳಲಿಲ್ಲ. ಆಮೇಲೆ ಅಲ್ಲೇ ಕೂತು ಊರಿಗೆ ಫೋನ್ ಹಚ್ಚಿದಳು. ಆ ಕಡೆ ವಾರಗಿತ್ತಿ. ಅಳುವುದು ಈಚೆಗೂ ಕೇಳಿಸುತ್ತಿತ್ತು.

"ಅಳ್ಬ್ಯಾಡ ಕಣೆ, ಒಸಿ ಕೇಳು. ಬರೀ ಬ್ಲಡ್ ಕ್ಯಾನ್ಸರ್ ಅಲ್ಲ. ಅದ್ರಲ್ಲಿ ಬ್ಯಾರೆ ಬ್ಯಾರೆ ಇರ್ತವಂತೆ. ಕ್ಯಾಲೆಂಡರ್ ಮ್ಯಾಲೆ ಬರ್ಕೋ. ಸಿ. ಬರ್ಕೊಂಡಾ? ಎಂ. ಆಮೇಲೆ ಎಲ್."